ಕಿವಿಗೆ ಕಟ್ಟಿದ ಫೋನು

ಹಾಗೆ ನೋಡಬೇಡ್ವೇ! ಕಾರಿನ ಬೀಗದ ಕೈ ಕೇಳಿದೆ ಅಷ್ಟೇ, ನಿನ್ನ ಮೂತ್ರಪಿಂಡ ಕೇಳಲಿಲ್ಲ. ಇಲ್ಲ ಇಲ್ಲ, ನೀನು ಹಿಟ್ಟು ನಾದ್ತಾ ಇರು, ಇಂಕೆರಿ. ಮಾವ ಬಂದ ಅಂತ ಕೈ ತೊಳೆಯೋದೇನೂ ಬೇಡ. ಕಾಫಿ ನಾನೇ ಬಗ್ಗಿಸ್ಕೋತೀನಿ. ಲೋಟ ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ? ಈ ಕಪಾಟು ಗೋಡೆಗೆ ಹೊಡೆದವನೇ ನಾನು. ನಿಮ್ಮಮ್ಮ ಕೆಳಗೆ ನಿಂತು, 'ಅಣ್ಣಾ, ಎಡಕ್ಕೆ ವಾಲಿದೆ' ಅಂತಿದ್ಲು. ಕಪಾಟು ನೆಟ್ಟಗಿದೆ ತಂಗೀ, ನಿನ್ನ ಮನೆ ವಾಲಿದೆ ಅಂದಿದ್ದೆ. ಹ್ಹ... ಇದೇನಿದು, ಇದರಲ್ಲಿ ತಟ್ಟೆಗಳಿವೆ. ಲೋಟ ಯಾವಾಗ ಆ ಕಡೆ ಹಾಕಿದೆ? ಯಾವಾಗಲೂ ಅಲ್ಲೇ ಇತ್ತಾ?

ಸರಿ ಬಿಡು. ಇತ್ತು.

ಉಸ್ಸಪ್ಪಾ... ಕೂತ್ಕೋತೀನಿ ತಾಳು. ನಮ್ಮನೆಯಿಂದ ಇಲ್ಲಿಗೆ ನಡೆದು ಬರೋಷ್ಟರಲ್ಲಿ ಮೊಣಕಾಲು ಎರಡೂ ಒಂದಕ್ಕೊಂದು ಬೈದಾಡ್ಕೊಂಡ್ವು. ಹಿಮ ಮೇಲೆ ಕರಗಿ ಕೆಳಗೆ ಗಾಜಾಗಿದೆ. ನಡ್ಕೊಂಡು ಯಾಕೆ ಬಂದೆ ಅಂತೀಯ? ನಡ್ಕೊಂಡು ಬರದೆ ಇನ್ನೇನು ಮಾಡಲಿ? ನನ್ನ ಟ್ಯಾಕ್ಸಿ ನಿನ್ನ ಅಂಗಳದಲ್ಲಿ ನಿಂತಿದೆ, ಬೀಗದ ಕೈ ನನ್ನ ಕೋಟಿನ ಜೇಬಲ್ಲಿಲ್ಲ, ಬಾಗಿಲ ಪಕ್ಕದ ಮೊಳೆಯಲ್ಲೂ ಇಲ್ಲ. ಅಂದಮೇಲೆ ಯಾರೋ ನನ್ನ ಮನೆಗೆ ಬಂದು, ಮುದುಕ ಗೊರಕೆ ಹೊಡೀತಿರುವಾಗ ಬೀಗದ ಕೈ ಎತ್ಕೊಂಡು, ಕಾರು ಹೊರಡಿಸ್ಕೊಂಡು ಹೋಗಿದ್ದಾರೆ ತಾನೇ? ಈ ಊರಲ್ಲಿ ಕಳ್ಳರಿಲ್ಲ. ಕಳ್ಳರಾಗೋ ವಯಸ್ಸಿನವರೆಲ್ಲ ಪಟ್ಟಣ ಸೇರಿದ್ದಾರೆ. ಉಳಿದವಳು ನೀನೊಬ್ಬಳೇ.

ಹೂಂ ಅಂತ ಒಪ್ಕೋ. ಬೈಯಲ್ಲ. ನಿಜವಾಗ್ಲೂ ಬೈಯಲ್ಲ ಕಣೇ, ಬೈಯೋಕೂ ಶಕ್ತಿ ಬೇಕು. ನಿನ್ನೆಯೆಲ್ಲ ಹಾಸಿಗೆಯಲ್ಲೇ ಬಿದ್ದಿದ್ದೆ. ಶುಕ್ರವಾರ ಆ ಪ್ರಯೋಗಶಾಲೆಯಿಂದ ಬಸ್ಸಲ್ಲಿ ಬಂದವನು ಮಲಗಿದೆ ನೋಡು, ಎದ್ದದ್ದು ಇವತ್ತು ಬೆಳಿಗ್ಗೆ. ಶನಿವಾರದ ಸೌನಾ ಹಬೆಸ್ನಾನ ಕೂಡ ತಪ್ಪಿಹೋಯ್ತು. ನಿನ್ನ ಸೌನಾದಲ್ಲಿ ಬೆವರು ಸುರಿಸದ ಶನಿವಾರ ಈ ವಿಲ್ಯೋ ಮಾವನ ಜನ್ಮದಲ್ಲೇ...

ಏನಾಯ್ತು? ಯಾಕೆ ನಿಲ್ಲಿಸಿದೆ? ನಾದು, ನಾದು. ನಿಲ್ಲಿಸಿದ್ರೆ ಹಿಟ್ಟು ಮುನಿಸ್ಕೊಳ್ಳುತ್ತೆ ಅಂತ ನಿಮ್ಮಮ್ಮ ಹೇಳ್ತಿದ್ಲು. ಏಲಕ್ಕಿ ಸ್ವಲ್ಪ ಜಾಸ್ತೀನೇ ಹಾಕಿದ್ದೀಯ, ವಾಸನೆ ಹೇಳ್ತಿದೆ. ಮೂಗು ಮಾತ್ರ ಇನ್ನೂ ಹೊಸದರ ಹಾಗಿದೆ ನನಗೆ.

ವಿಷಯಕ್ಕೆ ಬರ್ತೀನಿ. ನಾಳೆ ಸೋಮವಾರ. ಮಕ್ಕಳನ್ನ ಸ್ಕೂಲಿಗೆ ಬಿಡಬೇಕು. ನಿನ್ನ ಹಿಲ್ಲಾ, ಆ ಕೊರ್ಪೆಲಾ ಮನೆಯ ಅವಳಿಗಳು. ಈ ಊರಿನ ಸ್ಕೂಲ್ ಟ್ಯಾಕ್ಸಿ ಅಂದ್ರೆ ವಿಲ್ಯೋ, ವಿಲ್ಯೋ ಅಂದ್ರೆ ಸ್ಕೂಲ್ ಟ್ಯಾಕ್ಸಿ. ನಿನ್ನನ್ನೂ ಕರ್ಕೊಂಡು ಹೋಗಿದ್ದೀನಿ, ನಿನ್ನ ಹಲ್ಲು ಬಿದ್ದಿದ್ದೇ ನನ್ನ ಹಿಂದಿನ ಸೀಟಲ್ಲಿ. ಹಾಂ, ನಿನಗೂ ಲೈಸೆನ್ಸಿದೆ, ಗೊತ್ತು. ಮುದುಕಿಯರನ್ನ ಆಸ್ಪತ್ರೆಗೆ ಬಿಡು, ಮದುವೆ ದಿಬ್ಬಣ ಓಡಿಸು, ಯಾರು ಬೇಡ ಅಂದ್ರು? ಆದರೆ ಸ್ಕೂಲಿನ ಸವಾರಿ ನನ್ನದು. ಅದೊಂದನ್ನ ಬಿಟ್ರೆ ಬೆಳಿಗ್ಗೆ ಎದ್ದು ಪ್ಯಾಂಟು ಹಾಕ್ಕೊಳ್ಳೋಕೆ ನನಗೆ ಇನ್ನೇನು ಕಾರಣ ಇದೆ ಹೇಳು. ನಿಮ್ಮತ್ತೆ ಸೈಮಿ ಹೋದಮೇಲೆ ಆ ಮನೆಯಲ್ಲಿ ನನ್ನನ್ನ ಎಬ್ಬಿಸೋದು ಆ ಮೂರು ಮಕ್ಕಳು ಅಷ್ಟೇ.

ಗೊತ್ತು, ನಿನ್ನ ಮನಸ್ಸಲ್ಲಿ ಏನಿದೆ ಅಂತ ಗೊತ್ತು. ಆ ಜಲ್ಲಿ ಗುಂಡಿ.

ನೋಡು, ಅದನ್ನ ಊರೆಲ್ಲ ಉಪ್ಪು ಖಾರ ಹಚ್ಚಿ ಹೇಳ್ಕೊಂಡು ತಿರುಗ್ತಿದೆ. ನಡೆದದ್ದು ಇಷ್ಟೇ. ಸ್ಕೂಲು ಬಿಟ್ಟಿತ್ತು, ಗಾಳಿ ಹಿಮವನ್ನ ಅಡ್ಡಡ್ಡ ಹೊಡೀತಿತ್ತು, ಮುಂದೆ ಏನೂ ಕಾಣ್ತಿರಲಿಲ್ಲ. ಹಳೇ ಹಾಲಿನ ಕಟ್ಟೆ ಹತ್ತಿರ ಬಲಕ್ಕೆ ತಿರುಗಬೇಕು, ನಾನು ಎಡಕ್ಕೆ ತಿರುಗಿದೆ. ಸೀದಾ ಜಲ್ಲಿ ಗುಂಡಿಯ ಬಾಯಿಗೆ ಹೋಗಿ ನಿಂತೆ. ಅಂಚಿಗೇ ಅಲ್ಲ, ಒಂಚೂರು ಈಚೆಗೆ! ಗುಂಡಿಗೂ ನಮಗೂ ನಡುವೆ ಒಂದು ಹಸು ಮಲಗೋಷ್ಟು ಜಾಗ ಇತ್ತು. ತೆಳ್ಳಗಿನ ಹಸು, ಒಪ್ತೀನಿ. ಮಕ್ಕಳಿಗೆ ಹೇಳಿದೆ, 'ಸದ್ದು ಮಾಡಬೇಡಿ, ಕೊಂಬಿನ ಮೇಲೆ ಬಟ್ಟೆ ಒಣಹಾಕಬಹುದು, ಅಂಥ ಕಡವೆ ಇದೆ ಇಲ್ಲಿ, ತೋರಿಸೋಕೆ ಕರ್ಕೊಂಡು ಬಂದೆ' ಅಂತ. ಅವಳಿಗಳು ನಂಬಿದ್ವು! ಒಬ್ಬನಂತೂ ಮನೇಲಿ ಕಡವೆ ಚಿತ್ರಾನೇ ಬರೆದ. ನಿನ್ನ ಮಗಳೊಬ್ಬಳೇ... ಆ ಹಿಲ್ಲಾ ನಿನ್ನ ಹಾಗೇ. ಕಣ್ಣು ಪಿಳುಕಿಸದೆ ನೋಡ್ತಾಳೆ.

ಅವಳು ನಿನಗೇನು ಹೇಳಿದ್ಲು ಅಂತ ನನಗೆ ಗೊತ್ತು. 'ಅಜ್ಜ ಕಡವೆ ನೋಡ್ತಿರಲಿಲ್ಲ, ನಮ್ಮನೆ ಯಾವ ಕಡೆ ಅಂತ ನನ್ನನ್ನ ಕೇಳಿದ್ರು' ಅಂದ್ಲಲ್ಲ? ಕೇಳಿದೆ. ಯಾಕೆ ಕೇಳಬಾರದು? ಪರೀಕ್ಷೆ ಮಾಡಿದೆ ಕಣೇ! ಹಳ್ಳಿ ಮಕ್ಕಳಿಗೆ ದಿಕ್ಕು ಗೊತ್ತಿರಬೇಕು. ಗೊತ್ತಿತ್ತು ಅವಳಿಗೆ, ಕೈ ತೋರಿಸಿ ಹೇಳಿದ್ಲು. ಪಾಸಾದ್ಲು.

ನಗೋದಿಲ್ವಾ? ಮೊದಲೆಲ್ಲ ಇಷ್ಟಕ್ಕೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ ನೀನು.

ಹೋಗ್ಲಿ. ಒಂದು ಕ್ಷಣ ಏನೋ ಮಬ್ಬು ಕವಿದಿತ್ತು, ಒಪ್ತೀನಿ. ರಸ್ತೆ ಇತ್ತು, ಮರಗಳಿದ್ವು, ಎಲ್ಲ ಇತ್ತು. ಆದರೆ ಯಾರೋ ಊರಿನ ಹೆಸರನ್ನ ಮಾತ್ರ ಒರೆಸಿಬಿಟ್ಟಿದ್ದ ಹಾಗೆ... ಬೇಡ ಬಿಡು. ಆದರೆ ಯಾಕೆ ಕವಿಯಿತು? ಅದು ಪ್ರಶ್ನೆ! ಅದಕ್ಕೇ ಆ ಪ್ರಯೋಗಶಾಲೆಗೆ ಹೋದದ್ದು. ಪೇಪರಲ್ಲಿ ಹಾಕಿದ್ರು, 'ಮೊಬೈಲ್ ಫೋನಿನ ವಿಕಿರಣ ಮಿದುಳಿನ ಮೇಲೆ ಏನು ಮಾಡುತ್ತೆ ಅಂತ ಅಧ್ಯಯನ ನಡೀತಿದೆ, ವರ್ಷಗಟ್ಟಲೆ ಫೋನು ಬಳಸಿದವರು ಬೇಕಾಗಿದ್ದಾರೆ' ಅಂತ. ಅದನ್ನ ಓದಿ ನನಗೆ ನಗು ಬಂತು. ವರ್ಷಗಟ್ಟಲೆ ಬಳಸಿದವರು! ಹಿಮಕರಡಿಗೆ ಹೋಗಿ, ನಿಂಗೆ ಚಳಿ ಅಭ್ಯಾಸ ಇದೆಯಾ ಅಂತ ಕೇಳಿದ ಹಾಗೆ!

ಈ ಸೀಮೆಗೇ ಮೊದಲ ಕಾರ್ ಫೋನು ಯಾರದು? ನನ್ನದು. ನೀನಿನ್ನೂ ಹುಟ್ಟಿರಲಿಲ್ಲ. ಪೆಟ್ಟಿಗೆಯಷ್ಟು ದಪ್ಪ, ಎತ್ತಿ ಮಾತಾಡಿದ್ರೆ ಭುಜ ಇಳೀತಿತ್ತು. ಪಾದ್ರಿಯೂ ಸಾಲಲ್ಲಿ ನಿಂತು ಅದರಲ್ಲೇ ಮಾತಾಡ್ತಿದ್ರು. ಅದರ ವಿಕಿರಣ ಅಂದ್ರೆ ಅಂತಿಂಥದ್ದಲ್ಲ. ನಾನು 'ಹಲೋ' ಅಂದ್ರೆ ಸಾಕು, ಕಾರಿನ ಟಾಪಿನ ಮೇಲಿನ ಹಿಮ ಕರಗಿ ಸುರೀತಿತ್ತು. ದೂರದ ಸವಾರಿಗೆ ಹೋದಾಗ ಸಾಸೇಜನ್ನ ಕಿವಿಗೂ ಫೋನಿಗೂ ನಡುವೆ ಇಟ್ಕೊಂಡು ಸೈಮಿ ಜೊತೆ ಮಾತಾಡ್ತಿದ್ದೆ. ಅವಳ ಬೈಗುಳ ಮುಗಿಯೋಷ್ಟರಲ್ಲಿ ಎರಡೂ ಕಡೆ ಹದವಾಗಿ ಬೆಂದಿರ್ತಿತ್ತು. ಒಂದು ಸಲ ಆ ಆಂಟೆನಾ ಮೇಲೆ ಕಾಗೆ ಕೂತು, ಆಮೇಲೆ ಬೇಸಿಗೆ ಪೂರ್ತಿ ಸ್ವೀಡಿಶ್ ಭಾಷೇಲಿ ಕೂಗ್ತಿತ್ತು. ನಿಮ್ಮಮ್ಮ ಇದ್ದಿದ್ರೆ ಸಾಕ್ಷಿ ಹೇಳ್ತಿದ್ಲು.

ಇದೂ ನಗೋ ಮಾತಲ್ವಾ? ಏನೇ ಇದು... ಹಿಟ್ಟಿನ ಮೇಲೆ ಅಷ್ಟು ಸಿಟ್ಟೇನು? ಗುದ್ದಬೇಡ, ನಾದು.

ನಾನು ಹೇಳೋದು ಏನಂದ್ರೆ, ಅಷ್ಟು ವರ್ಷ ಈ ಬಲಗಿವಿಗೆ ಒತ್ತಿಕೊಂಡ ಫೋನು, ಒಳಗೆ ಏನೂ ಮಾಡದೆ ಸುಮ್ಮನೆ ಬಿಟ್ಟಿರುತ್ತಾ? ಸವಾರಿ ಮೇಲೆ ಸವಾರಿ, ಕರೆ ಮೇಲೆ ಕರೆ. ಮಬ್ಬು ಕವಿದಿದ್ರೆ ಅದರಿಂದಲೇ. ಅಂದ್ರೆ ತಪ್ಪು ಫೋನಿಂದು, ತಲೇದಲ್ಲ! ಫೋನು ದೂರ ಇಟ್ರೆ ತಲೆ ಸರಿ. ಲೆಕ್ಕ ಎಷ್ಟು ಸಲೀಸು ನೋಡು. ಅದಕ್ಕೇ ಹೆಸರು ಕೊಟ್ಟೆ. ವಿಜ್ಞಾನಕ್ಕೂ ಲಾಭ, ವಿಲ್ಯೋಗೂ ಲಾಭ.

ಹೋದೆ. ಎರಡು ಸಲ ಕರೆದಿದ್ರು, ಎರಡು ಬೇರೆ ಬೇರೆ ದಿನ. ಒಂದು ಹುಡುಗಿ ಬಂದು ತಲೆಗೆ ಟೋಪಿ ಹಾಕಿದ್ಲು, ಈಜೋರ ಟೋಪಿ ಥರ, ತುಂಬ ತೂತು. ಒಂದೊಂದು ತೂತಿಗೂ ತಣ್ಣಗೆ ಲೋಳೆಲೋಳೆ ಏನೋ ತುಂಬಿ, ಒಂದೊಂದಕ್ಕೂ ಒಂದು ತಂತಿ. ಕನ್ನಡೀಲಿ ನೋಡ್ಕೊಂಡ್ರೆ ಕರು ನೆಕ್ಕಿದ ಮುಳ್ಳುಹಂದಿ! ಆ ತಂತಿಗಳಲ್ಲಿ ಮಿದುಳಿನ ಅಲೆ ಪರದೆ ಮೇಲೆ ಬರುತ್ತಂತೆ. ಆಮೇಲೆ ಒಂದು ಫೋನನ್ನ ಪಟ್ಟಿ ಹಾಕಿ ಕಿವಿಗೆ ಕಟ್ಟಿದ್ರು, ಹಲ್ಲುನೋವು ಬಂದ ಹುಡುಗನ ಗಲ್ಲಕ್ಕೆ ಬಟ್ಟೆ ಕಟ್ತಾರಲ್ಲ, ಹಾಗೆ. ಕಣ್ಣು ಮುಚ್ಚಿ ಕೂತಿರಿ ಅಂದ್ರು.

ಈಗ ಮಜಾ ಕೇಳು. ಆ ಫೋನು ಒಂದು ದಿನ ಆನ್ ಇರುತ್ತೆ, ಇನ್ನೊಂದು ದಿನ ಸುಮ್ಮನೆ ಸತ್ತ ಮೀನಿನ ಹಾಗೆ ಕಟ್ಟಿರ್ತಾರೆ. ಯಾವ ದಿನ ಯಾವುದು ಅಂತ ನನಗೆ ಹೇಳಲ್ಲ. ನನಗಿರಲಿ, ಆ ಹುಡುಗಿಗೂ ಹೇಳಿರಲ್ಲ! ಬೇರೆ ಕೋಣೇಲಿ ಒಂದು ಯಂತ್ರ ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡುತ್ತೆ. ಎಲ್ಲ ಮುಗಿದ ಮೇಲೇ ಗುಟ್ಟು ಒಡೆಯೋದು. ಯಾಕೆ ಗೊತ್ತಾ? ಆನ್ ಇದೆ ಅಂತ ಗೊತ್ತಾದ್ರೆ ಸಾಕು, ಮನುಷ್ಯನಿಗೆ ಇಲ್ಲದ ತಲೆನೋವೆಲ್ಲ ಬರುತ್ತಂತೆ. ಹುಡುಗಿಗೆ ಗೊತ್ತಿದ್ರೆ ಅವಳ ಮುಖ ನೋಡಿಯೇ ನಾವು ಕಂಡುಹಿಡೀತೀವಂತೆ. ಮುಖ ನೋಡಿ! ನಮ್ಮ ಕಡೆ ಹುಡುಗಿ ಅವಳು. ಮನೆಗೆ ಬೆಂಕಿ ಬಿದ್ರೂ ಅವಳ ಮುಖದಲ್ಲಿ ಕಾಣಿಸಲ್ಲ. ಮಾತಾಡು ಅಂತ ಬೇಡಿಕೊಂಡ್ರೂ ಮಾತಾಡದ ಜನಕ್ಕೆ, ಮಾತಾಡಬಾರದು ಅಂತ ನಿಯಮ ಬೇರೆ ಮಾಡಿದ್ದಾರೆ.

ನಾನು ಬಿಡ್ತೀನಾ? ಮೊದಲ ದಿನವೇ ಹೇಳಿದೆ, 'ತಾಯಿ, ಇವತ್ತು ಆನ್ ಇದೆ, ನನ್ನ ದವಡೆ ಹಲ್ಲು ಗಂಟೆ ಹೊಡೀತಿದೆ' ಅಂತ. ಅವಳು ಬರ್ಕೊಂಡ್ಲು. ಎರಡನೇ ದಿನ, 'ಇವತ್ತು ಆಫ್, ಚರ್ಚಿನಷ್ಟು ತಣ್ಣಗಿದೆ' ಅಂದೆ. ಅದನ್ನೂ ಬರ್ಕೊಂಡ್ಲು. ಕಿವಿಯಿಂದಲೇ ವಿಕಿರಣ ಹಿಡಿಯೋ ಮನುಷ್ಯ ಯುರೋಪಿನಲ್ಲಿ ಇನ್ನೊಬ್ಬನಿಲ್ಲ, ನನ್ನನ್ನ ಕಂಬಕ್ಕೆ ಕಟ್ಟಿದ್ರೆ ಫೋನ್ ಟವರಿನ ಖರ್ಚೇ ಉಳಿಯುತ್ತೆ ಅಂದೆ. ಅವಳ ತುಟಿಯ ಈ ಕಡೆ ತುದಿ ಒಂದು ಚೂರು ಅಲ್ಲಾಡಿತು. ನಮ್ಮ ಲೆಕ್ಕದಲ್ಲಿ ಅದು ಬಿದ್ದು ಬಿದ್ದು ನಕ್ಕ ಹಾಗೆ.

ಒಂದು ಆಟವೂ ಇತ್ತು. ಪರದೆ ಮೇಲೆ ಅಕ್ಷರ ಬರುತ್ತೆ, ಹೋಗುತ್ತೆ, ಮತ್ತೊಂದು ಬರುತ್ತೆ. ಮೊದಲು ಬಂದದ್ದೇ ಮತ್ತೆ ಬಂದ್ರೆ ಗುಂಡಿ ಒತ್ತಬೇಕು. ಮಕ್ಕಳಾಟ! ಎಲ್ಲ ಸರಿ ಮಾಡಿದ್ರೆ ಅವರ ಅಧ್ಯಯನಾನೇ ಕೆಟ್ಟುಹೋಗುತ್ತೆ ಅಂತ, ಬೇಕಂತಲೇ ಅಲ್ಲೊಂದು ಇಲ್ಲೊಂದು ತಪ್ಪು ಮಾಡಿದೆ. ಅಲ್ಲೊಂದು... ಇಲ್ಲೊಂದು. ಹುಡುಗಿಗೆ ಬೇಜಾರಾಗಬಾರದು ನೋಡು.

ಆಮೇಲೆ ಅಧ್ಯಯನ ಮುಗೀತು. ಶುಕ್ರವಾರ ಡಾಕ್ಟರೇ ಕರೆಸಿದ್ರು, ಡಾಕ್ಟರ್ ಸಿರ್ವಿಯೋ ಅಂತ. ಎಲ್ಲರನ್ನೂ ಕರೆಸಿದ್ರಾ ಅಂತ ಕೇಳ್ತೀಯ? ಕೇಳಲ್ಲ. ಸರಿ. ಎಲ್ಲರನ್ನೂ ಇಲ್ಲ. ನನ್ನೊಬ್ಬನನ್ನೇ. ಮತ್ತೆ? ಅಂಥ ಮಿದುಳನ್ನ ಅವರು ನೋಡೇ ಇರಲಿಲ್ಲ! ಕುರ್ಚಿ ಹತ್ತಿರಕ್ಕೆ ಎಳ್ಕೊಂಡು ಕೂತ್ರು. ಪರದೆ ತೋರಿಸಿದ್ರು. ಚುರುಕಾದ ತಲೇಲಿ ಅಲೆಗಳು ಸಣ್ಣ ಸಣ್ಣಗೆ, ಬೇಗ ಬೇಗ, ಹುಲ್ಲಿಗೆ ಗಾಳಿ ಬಡಿದ ಹಾಗೆ ಇರ್ತಾವಂತೆ. ಫೋನು ಆನ್ ಇದ್ದಾಗ ಕೆಲವರ ಅಲೆ ಒಂದು ಚೂರು ಏರುಪೇರಾಗುತ್ತಂತೆ. ಅಷ್ಟೇ, ಒಂದೇ ಒಂದು ಚೂರು. ಅದರಿಂದ ಕೆಡುಕಾ ಅಲ್ವಾ ಅಂತ ಯಾರಿಗೂ ಗೊತ್ತಿಲ್ಲ ಅಂದ್ರು. ನನಗೆ ಅದು ಸಾಕಾಗಿತ್ತು.

ನನ್ನ ಅಲೆ ಹೇಗಿತ್ತು ಅಂದ್ರೆ, ಕೇಳು. ಮೊದಲ ದಿನ ನಿಧಾನ. ದಪ್ಪ ದಪ್ಪ ಅಲೆ, ನಿಧಾನಕ್ಕೆ ಎದ್ದು ನಿಧಾನಕ್ಕೆ ಬೀಳ್ತಾವೆ, ಬೇಸಿಗೇಲಿ ಹಸುಗಳು ಕೊಟ್ಟಿಗೆಗೆ ಓಲಾಡ್ಕೊಂಡು ಬರ್ತಾವಲ್ಲ, ಹಾಗೆ. ಎರಡನೇ ದಿನ... ಎರಡನೇ ದಿನ ಚೆನ್ನಾಗಿತ್ತು! ಹುಲ್ಲೇ ಹುಲ್ಲು! ಗಾಳಿಯೇ ಗಾಳಿ! ಹದಿನೆಂಟು ವರ್ಷದ ಹುಡುಗನ ತಲೆ ವಿಲ್ಯೋ ನಿಮ್ಮದು ಅಂದ್ರು ಡಾಕ್ಟರು.

ಅದಕ್ಕೇ ನೋಡು, ಬರೋ ದಾರೀಲಿ ಇದನ್ನ ತಗೊಂಡೆ. ಕಿವಿಗೆ ಹಾಕೋದು, ತಂತಿ ಇದೆ. ಫೋನು ಅಲ್ಲೆಲ್ಲೋ ಕಾರಿನ ಮುಂದೆ ಇರುತ್ತೆ, ನಾನಿಲ್ಲಿ. ಇಬ್ಬರಿಗೂ ಸಂಬಂಧವೇ ಇಲ್ಲ. ಇನ್ನು ಮಬ್ಬು ಕವಿಯೋ ಮಾತೇ ಇಲ್ಲ. ಕೊರ್ಪೆಲಾ ಮನೆಯವರಿಗೂ ನೀನೇ ಹೇಳು, ನಾನು ಹೇಳಿದ್ರೆ ಕಾಗೆ ಹಾರಿಸ್ತಾನೆ ಅಂತಾರೆ.

ಹೂಂ?

ಏನಿಲ್ಲ, ನೀನು ಏನೋ ಕೇಳ್ತೀಯ ಅಂತ ನಿಲ್ಲಿಸಿದೆ.

ಕೇಳು, ಪರವಾಗಿಲ್ಲ.

ಅಲ್ಲ ಕಣೇ, ಇಷ್ಟು ಹೊತ್ತು ಹೇಳಿದೆ. ಒಂದು ದಿನ ನಿಧಾನ, ಒಂದು ದಿನ ಚುರುಕು. ಒಂದು ದಿನ ಫೋನು ಆನ್, ಒಂದು ದಿನ ಆಫ್. ಇಷ್ಟು ಕೇಳಿದವರ ಬಾಯಲ್ಲಿ ಒಂದು ಪ್ರಶ್ನೆ ಬರಲೇಬೇಕು. ದನ ಕಾಯೋನೂ ಕೇಳ್ತಾನೆ, ಪಾದ್ರಿಯೂ ಕೇಳ್ತಾರೆ. 'ಮತ್ತೆ ಫೋನು ಯಾವ ದಿನ ಆನ್ ಇತ್ತು ಮಾವಾ?' ಆಗ ನಾನು ಕಾಫಿ ಒಂದು ಗುಟುಕು ಕುಡಿದು, ಮೀಸೆ ಒರೆಸ್ಕೊಂಡು, 'ಯಾವತ್ತು ಅಂತೀಯ?' ಅಂದು, ಸ್ವಲ್ಪ ತಡೆದು, 'ಮೊದಲ ದಿನ!' ಅಂತ ಮೇಜು ಗುದ್ದಬೇಕು. ದಾರಿ ಉದ್ದಕ್ಕೂ ಜೋಡಿಸ್ಕೊಂಡು ಬಂದಿದ್ದೆ.

ನೀನು ಕೇಳಲಿಲ್ಲ.

ನೀನು ಬೆಂಕಿಪೊಟ್ಟಣ ತಗೊಳ್ಳುವಾಗಲೂ ಎರಡು ಸಲ ಕೇಳೋಳು. ಹಿಲ್ಲಾ ಹುಟ್ಟಿದಾಗ ದಾದಿಗೆ ಎಷ್ಟು ಪ್ರಶ್ನೆ ಕೇಳಿದೆ ಅಂದ್ರೆ ಅವಳು ರಜೆ ಹಾಕಿದ್ಲು. ಅವಳನ್ನ ಕೂರಿಸ್ಕೊಂಡು ಹೋಗೋ ಮುದುಕನ ತಲೆ ವಿಷಯ ಇದು. ನಿನ್ನ ಮಗಳ ವಿಷಯ. ಕೇಳಲಿಲ್ವಲ್ಲ...

ಸುಮ್ಮನಿರೋದು ನಮ್ಮವರಿಗೆ ಹೊಸದಲ್ಲ, ಅದಕ್ಕೇ ನನಗೂ ಇಷ್ಟು ಹೊತ್ತು ಹೊಳೀಲಿಲ್ಲ. ಎದುರಿಗಿರೋರು ಸುಮ್ಮನಿದ್ರೆ ಕೇಳಿಸ್ಕೊಳ್ತಿದ್ದಾರೆ ಅಂತ ಅಂದ್ಕೊಂಡೇ ಬದುಕಿದೋರು ನಾವು. ಆದರೆ ಇದು ಆ ಥರ ಅಲ್ಲ. ಇದು... ನೀನು ಕೇಳಿಸ್ಕೊಳ್ತಿಲ್ಲ. ಕಾಯ್ತಿದ್ದೀಯ. ನಾನು ಮುಗಿಸಲಿ ಅಂತ ಕಾಯ್ತಿದ್ದೀಯ.

ನಿನಗೆ ಗೊತ್ತು.

ಯಾರು ಹೇಳಿದ್ರು? ಡಾಕ್ಟರ್ ಸಿರ್ವಿಯೋ ಫೋನು ಮಾಡಿದ್ರಾ? ಮಾಡೋ ಹಾಗಿಲ್ಲ ಅವರು, ಕಾನೂನಿದೆ. ಆ ಹುಡುಗಿ? ಅವಳು ತನ್ನ ಹೆಸರನ್ನೇ ಹೇಳಿರಲಿಲ್ಲ. ಆ ಕೋಣೇಲಿ ಡಾಕ್ಟರು, ನಾನು, ಇಬ್ಬರೇ ಇದ್ದದ್ದು. ಅಲ್ಲಿಂದ ಬಸ್ಸಲ್ಲಿ ಬಂದೆ, ಪಕ್ಕದ ಸೀಟೂ ಖಾಲಿ. ಮನೇಲಿ ಮಲಗಿದೆ. ಇವತ್ತು ಎದ್ದೆ. ಯಾರಿಗೂ ಹೇಳಿಲ್ಲ ನಾನು. ಯಾರಿಗೂ...

ಇಂಕೆರಿ.

ಆ ಒಲೆ ಸರಳಿನ ಮೇಲೆ ಒಣಗ್ತಿರೋ ಟವಲ್ಲು ಯಾರದು?

ನೀಲಿ ಅಂಚು. ಮೂಲೇಲಿ ಕೆಂಪು ದಾರದಲ್ಲಿ ನನ್ನ ಹೆಸರು. ಸೈಮಿ ಹೊಲಿದದ್ದು ಅದು, ನನ್ನ ಟವಲ್ಲಲ್ಲಿ ನಿನ್ನ ಗಂಡ ಮೈ ಒರೆಸ್ಕೋತಾನೆ ಅಂತ ಸಿಟ್ಟಾಗಿ ಹೊಲಿದಿದ್ಲು.

ನಾನು ಬಂದಿದ್ನಾ?

ನಿನ್ನೆ. ಸೌನಾಕ್ಕೆ. ಬಂದಿದ್ದೆ.

ತಲೆ ಆಡಿಸಬೇಡ. ನಿಧಾನ... ಒಂದು ನಿಮಿಷ ತಾಳು. ಸೌನಾ ಮುಗಿಸಿ ಹೊರಗಿನ ಬೆಂಚಲ್ಲಿ ಕೂತಿರಬೇಕು. ಯಾವಾಗಲೂ ಅಲ್ಲೇ ಕೂರೋದು, ಮೈಯಿಂದ ಹಬೆ ಏಳ್ತಿರುತ್ತೆ. ಸೌನಾ ಮುಗಿಸಿ ಕೂತೋನು ಸುಳ್ಳು ಹೇಳಲ್ಲ ಕಣೇ, ನಮ್ಮಪ್ಪ ಕಲಿಸಿದ್ದು. ಎಂಥ ಬಾಯಿಬಡುಕನೂ ಅಲ್ಲಿ ಬಡಾಯಿ ಕೊಚ್ಚಲ್ಲ. ಬಟ್ಟೆಯಿಲ್ಲದೆ ಕೂತೋನು ಏನನ್ನ ಮುಚ್ಚಿಡ್ತಾನೆ? ಹಾಗಾದ್ರೆ ಅಲ್ಲಿ ಕೂತು ನಾನು...

ಎಲ್ಲ ಹೇಳಿದೆ. ಅಲ್ವಾ?

ಎರಡು ದಿನವೂ ಹಾಗೇ ಇತ್ತು ಅಂತ. ಎರಡೂ ದಿನ ಅದೇ ನಿಧಾನದ ಅಲೆ, ಒಂದು ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ ಅಂತ. ಒಂದು ದಿನ ಫೋನು ಸತ್ತು ನೇತಾಡ್ತಿತ್ತು, ಆವತ್ತೂ ಹಾಗೇ. ಯಾವ ದಿನ ಆನ್, ಯಾವ ದಿನ ಆಫ್ ಅಂತ ನಾನು ಹೇಳಿದ್ದೂ ತಲೆಕೆಳಗಾಗಿತ್ತು. 'ನಿಮ್ಮ ಫೋನಿಗೂ ಇದಕ್ಕೂ ಸಂಬಂಧ ಕಾಣಿಸ್ತಿಲ್ಲ ವಿಲ್ಯೋ' ಅಂದ್ರು ಡಾಕ್ಟರು. ಮರೆವಿನ ರೋಗದ ಡಾಕ್ಟರ ಹತ್ತಿರ ಹೋಗಿ ತೋರಿಸಿ, ಅಲ್ಲಿವರೆಗೆ ಕಾರು ಓಡಿಸಬೇಡಿ, ಮಕ್ಕಳಿರೋ ಕಾರಂತೂ ಬೇಡವೇ ಬೇಡ ಅಂದ್ರು. ಮೆತ್ತಗೆ ಹೇಳಿದ್ರು. ನಾನು ಅವರಿಗೆ ಸಾಸೇಜಿನ ಕಥೆ ಹೇಳಿದೆ. ನಕ್ಕರು ಪಾಪ, ನಾನು ಹೊರಟು ಹೋಗೋವರೆಗೂ ನಗ್ತಾನೇ ಇದ್ರು.

ಅದು ನೆನಪಿದೆ ನನಗೆ! ಪ್ರತಿಯೊಂದು ಮಾತೂ ನೆನಪಿದೆ. ಅದನ್ನ ಮುಚ್ಚಿಟ್ಕೊಂಡು ಇಲ್ಲಿಗೆ ಬಂದೆ. ಹೇಗೆ ಮುಚ್ಚಿಡೋದು ಅಂತ ದಾರಿ ಪೂರ್ತಿ ಯೋಚಿಸಿದೆ. ಆದರೆ ನಿನ್ನೆ ನಾನೇ ಬಿಚ್ಚಿಟ್ಟದ್ದು... ಅದು ಮಾತ್ರ ಇಲ್ಲ. ಹುಡುಕ್ತಿದ್ದೀನಿ ಇಂಕೆರಿ, ಈಗಲೂ ಹುಡುಕ್ತಿದ್ದೀನಿ. ಆ ಬೆಂಚು ಕಾಣುತ್ತೆ. ಅದರ ಮೇಲೆ ನಾನಿಲ್ಲ.

ನಾನು ಅತ್ತೆನಾ?

ಹೇಳಬೇಡ. ಅತ್ತಿದ್ರೆ ಹೇಳಬೇಡ.

ಬೀಗದ ಕೈ... ನೀನು ಬಂದು ಎತ್ಕೊಂಡು ಹೋಗಲಿಲ್ಲ, ಅಲ್ವಾ? ನಾನೇ ಓಡಿಸ್ಕೊಂಡು ಬಂದೆ, ನಾನೇ ನಿನ್ನ ಕೈಗೆ ಕೊಟ್ಟೆ. ಕೊಟ್ಟು, ಮನೆಗೆ ನಡ್ಕೊಂಡು ಹೋದೆ. ಆ ಗಾಜಿನಂಥ ಹಿಮದ ಮೇಲೆ. ಕಳ್ಳಿ ಅಂದೆನಲ್ಲೇ ನಿನ್ನನ್ನ. ನೀನು ಹಿಟ್ಟು ನಾದ್ತಾ ಇದ್ದೆ.

ಬಾ, ಕೂತ್ಕೋ. ಹಿಟ್ಟು ಮುನಿಸ್ಕೊಂಡ್ರೆ ಮುನಿಸ್ಕೊಳ್ಳಲಿ. ಕೈ ಹಿಟ್ಟಾಗಿದ್ರೂ ಪರವಾಗಿಲ್ಲ, ಹಾಗೇ ಹಿಡ್ಕೋ.

ತುಂಬ ಸುಸ್ತಾಗಿದೆ ಕಣೇ. ಸುಳ್ಳು ಕಟ್ಟೋದೂ ಒಂದು ಕೆಲಸ, ಜನಕ್ಕೆ ಗೊತ್ತಾಗಲ್ಲ. ಮೊದಲೆಲ್ಲ ನಗಿಸೋಕೆ ಕಟ್ತಿದ್ದೆ. ಈಗ ಯಾವುದನ್ನ ಯಾರಿಗೆ ಹೇಳಿದೆ ಅನ್ನೋದನ್ನ ಮುಚ್ಚೋಕೆ ಕಟ್ಬೇಕು.

ನಿನ್ನೆ ಬಂದಿದ್ದನಲ್ಲ, ಆ ವಿಲ್ಯೋ, ನನಗಿಂತ ಒಳ್ಳೆಯವನು. ಅವನಿಗೆ ಧೈರ್ಯ ಇತ್ತು. ಅವನು ಏನು ಹೇಳಿದ್ನೋ ಅದನ್ನೇ ನಡೆಸು. ನಾಳೆ ಹಿಲ್ಲಾನ ನೀನೇ ಕರ್ಕೊಂಡು ಹೋಗು, ಅವಳಿಗಳನ್ನೂ. ಬೆಲ್ಟು ಹಾಕಿಸು. ಹಾಲಿನ ಕಟ್ಟೆ ಹತ್ತಿರ ಬಲಕ್ಕೆ.

ಇನ್ನೊಂದು ಮಾತು. ಇದನ್ನ ಈಗಲೇ ಹೇಳ್ತೀನಿ, ಗೊತ್ತಿರುವಾಗಲೇ. ನಾಳೆಯೋ ನಾಡಿದ್ದೋ ನಾನು ಮತ್ತೆ ಬರ್ತೀನಿ. ಇದೇ ಕುರ್ಚೀಲಿ ಕೂತು ಬೀಗದ ಕೈ ಕೇಳ್ತೀನಿ. ಇದಕ್ಕಿಂತ ಒಳ್ಳೇ ಕಥೆ ತಂದಿರ್ತೀನಿ, ನನ್ನನ್ನ ಬಲ್ಲೆಯಲ್ಲ. ಬೈತೀನಿ, ಅಂಗಲಾಚ್ತೀನಿ, ಕಳ್ಳಿ ಅಂತಲೂ ಅಂತೀನಿ.

ನಗು ಬಂದ್ರೆ ನಗು, ಇಂಕೆರಿ. ಕಾಫಿ ಕೊಡು.

ಅದನ್ನ ಕೊಡಬೇಡ.